ಡಿಸ್ಕಿನ ಹೆಸರು ಮತ್ತು ಡಿಸ್ಕಿನ ಗುರುತು: ಬ್ಯಾಕಪ್ ಸ್ಕ್ರಿಪ್ಟುಗಳ ಬಗ್ಗೆ ಉದ್ಯಮಿಗಳು ತಿಳಿದಿರಬೇಕಾದ ವಿಚಾರ

2021ರ ನವೆಂಬರ್ ತಿಂಗಳ ಕೊನೆಯ ಭಾಗದಲ್ಲಿ ಸುರಿದ ಮಳೆಯಿಂದ ಬೆಂಗಳೂರಿನ ಉತ್ತರ ಭಾಗವು ಅನುಭವಿಸಿದ ಸಂಕಷ್ಟವನ್ನು ಸದಸ್ಯರು ಮರೆತಿರಲಾರರು. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯವು ಜಲಾವೃತವಾಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಆವರಣಕ್ಕೂ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಕೇಂದ್ರೀಯ ವಿಹಾರಕ್ಕೆ ಅದೇ ಗತಿ ಮತ್ತೊಮ್ಮೆ ಒದಗಿತು. ಈ ಸ್ಥಳಗಳ ಆಸುಪಾಸಿನಲ್ಲಿಯೇ, ತನ್ನದೇ ಹೆಸರಿನ ಕೆರೆಯ ಮಗ್ಗುಲಲ್ಲಿ ಅಲ್ಲಾಳಸಂದ್ರವಿದೆ. ಒಂದು ಕಾಲಕ್ಕೆ ಬಳ್ಳಾರಿ ರಸ್ತೆಯ ಬದಿಯ ಹಳ್ಳಿಯಾಗಿದ್ದ ಈ ಊರು ಇಂದು ವಿಮಾನ ನಿಲ್ದಾಣದ ಹಾದಿಯ ವಾಣಿಜ್ಯ ಪ್ರದೇಶವಾಗಿ ಬೆಳೆದಿದೆ.

ಇಂತಹ ಸಂದರ್ಭಗಳಲ್ಲಿ ಸಣ್ಣ ಕಚೇರಿಯೊಂದರಲ್ಲಿ ನಡೆಯುವುದೇನು ಎಂಬುದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ನೆಲಮಾಳಿಗೆಯಲ್ಲಿಯೋ ಮೆಟ್ಟಿಲ ಕೆಳಗೋ ಇದ್ದ ಸರ್ವರ್ ಗಣಕವನ್ನು ಯಾರೋ ಒಬ್ಬರು ಆತುರದಿಂದ ಕೇಬಲ್ ಕಿತ್ತು ಮೇಲಿನ ಮಹಡಿಗೆ ಸಾಗಿಸುತ್ತಾರೆ. ನೀರು ಇಳಿದ ಮೇಲೆ ಕೇಬಲ್ಲುಗಳನ್ನು ಮತ್ತೆ ಜೋಡಿಸುತ್ತಾರೆ. ಆದರೆ ಹಿಂದೆ ಇದ್ದ ಕ್ರಮದಲ್ಲಿಯೇ ಅಲ್ಲ. ಗಣಕ ಚಾಲನೆಗೊಳ್ಳುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅಂದು ರಾತ್ರಿ ಹತ್ತು ಗಂಟೆಗೆ, ವರ್ಷಗಳ ಹಿಂದೆ ಯಾರೋ ಬರೆದಿಟ್ಟ ಬ್ಯಾಕಪ್ ಸ್ಕ್ರಿಪ್ಟು ಎಂದಿನಂತೆ ತಾನಾಗಿಯೇ ಓಡುತ್ತದೆ. ನೀರಿನಿಂದ ಪಾರಾದ ಲೆಕ್ಕಪತ್ರಗಳು ಅಪಾಯಕ್ಕೆ ಸಿಲುಕುವುದು ಆ ಗಳಿಗೆಯಲ್ಲಿ. ಸ್ಕ್ರಿಪ್ಟಿನಲ್ಲಿ "ಎರಡನೆಯ ಡಿಸ್ಕು" ಎಂದು ಬರೆದಿದ್ದರೆ, ಈಗ ಎರಡನೆಯದಾಗಿ ಕುಳಿತಿರುವ ಡಿಸ್ಕು ಯಾವುದು ಎಂಬುದು ಆ ಸ್ಕ್ರಿಪ್ಟಿಗೆ ತಿಳಿಯದು.

ಇದು ಕೇವಲ ತಂತ್ರಜ್ಞರ ತಲೆನೋವು ಎಂದು ಉದ್ಯಮಿಗಳು ಕೈತೊಳೆದುಕೊಳ್ಳುವಂತಿಲ್ಲ. ಕಂಪೆನಿ (ಲೆಕ್ಕಪತ್ರಗಳ) ನಿಯಮಗಳಿಗೆ 2022ರ ಆಗಸ್ಟಿನಲ್ಲಿ ಮಾಡಲಾದ ತಿದ್ದುಪಡಿಯ ಪ್ರಕಾರ, ವಿದ್ಯುನ್ಮಾನ ರೂಪದಲ್ಲಿರುವ ಲೆಕ್ಕಪತ್ರಗಳ ಬ್ಯಾಕಪ್ ಪ್ರತಿಯನ್ನು ಭಾರತದೊಳಗೆ ಇರುವ ಸರ್ವರಿನಲ್ಲಿ ಪ್ರತಿದಿನವೂ ಇರಿಸಬೇಕು. ಅದಕ್ಕೆ ಮೊದಲು "ನಿಯತಕಾಲಿಕವಾಗಿ" ಎಂದಷ್ಟೇ ಇತ್ತು. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಕಲಮಿನಂತೆ, ಒಂದು ವರ್ಷದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಬೇಕು. ಪ್ರತಿದಿನ ಬ್ಯಾಕಪ್ ಎಂದ ಮೇಲೆ ಅದನ್ನು ಮನುಷ್ಯರು ಕೈಯಿಂದ ಮಾಡುವುದು ಬಹುಕಾಲ ನಡೆಯದು, ಸ್ಕ್ರಿಪ್ಟೇ ಮಾಡಬೇಕು. ಸ್ಕ್ರಿಪ್ಟಾದರೋ ಹೇಳಿದ್ದನ್ನು ಮಾಡುತ್ತದೆ, ಅನುಮಾನ ಪಡುವುದಿಲ್ಲ. ಹಾಗಾಗಿ ಡಿಸ್ಕನ್ನು ಅದಕ್ಕೆ ಯಾವ ಹೆಸರಿನಿಂದ ತೋರಿಸಿಕೊಟ್ಟಿದ್ದೇವೆ ಎಂಬುದು ಮುಖ್ಯವಾಗುತ್ತದೆ.

ಸ್ಥಾನದ ಹೆಸರು, ಸರದಿಯ ಹೆಸರು

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಗಣಕಕ್ಕೆ ಜೋಡಿಸಿದ ಪ್ರತಿಯೊಂದು ಸಾಧನವೂ ಒಂದು ಕಡತದಂತೆ ಕಾಣಿಸಿಕೊಳ್ಳುತ್ತದೆ. ಈ ಕಡತಗಳೆಲ್ಲ "ಡೆವ್" ಎಂಬ ಕೋಶದಲ್ಲಿ ಇರುತ್ತವೆ. ಡಿಸ್ಕಿಗೆ ಬರೆಯುವುದೆಂದರೆ ಆ ಕಡತಕ್ಕೆ ಬರೆಯುವುದು, ಅಷ್ಟೇ. ಈ ಸರಳತೆಯೇ ಯುನಿಕ್ಸಿನ ಬಲ. ಅದರ ಅಪಾಯವೂ ಇದರಲ್ಲಿಯೇ ಇದೆ, ಏಕೆಂದರೆ ತಪ್ಪು ಡಿಸ್ಕಿಗೆ ಬರೆಯುವುದೂ ಅಷ್ಟೇ ಸರಳ. ಡಿಸ್ಕುಗಳನ್ನು ಇಡಿಯಾಗಿ ನಕಲು ಮಾಡುವ "ಡಿಡಿ" ಎಂಬ ಆದೇಶವನ್ನು ತಂತ್ರಜ್ಞರು "ಡಿಸ್ಕ್ ಡೆಸ್ಟ್ರಾಯರ್" ಎಂದು ಹಾಸ್ಯ ಮಾಡುವುದು ವಿನಾಕಾರಣವಲ್ಲ.

ಹಿಂದಿನ ದಿನಗಳಲ್ಲಿ ಈ ಹೆಸರುಗಳಿಗೆ ಒಂದು ನಿಶ್ಚಿತತೆ ಇತ್ತು. ಸನ್ ಸಂಸ್ಥೆಯ ಸೊಲಾರಿಸ್ ವ್ಯವಸ್ಥೆಯಲ್ಲಿ "ಸಿ0ಟಿ3ಡಿ0" ಎಂದರೆ ಸೊನ್ನೆಯನೆಯ ನಿಯಂತ್ರಕದ ಮೂರನೆಯ ಗುರಿಯಲ್ಲಿರುವ ಸೊನ್ನೆಯನೆಯ ಡಿಸ್ಕು ಎಂದೇ ಅರ್ಥ. ಲಿನಕ್ಸಿನಲ್ಲಿ "ಎಚ್‌ಡಿಎ" ಎಂದರೆ ಮೊದಲನೆಯ ಐಡಿಇ ಕೇಬಲ್ಲಿನ ಮಾಸ್ಟರ್, "ಎಚ್‌ಡಿಬಿ" ಎಂದರೆ ಅದೇ ಕೇಬಲ್ಲಿನ ಸ್ಲೇವ್, "ಎಚ್‌ಡಿಸಿ" ಎಂದರೆ ಎರಡನೆಯ ಕೇಬಲ್ಲಿನ ಮಾಸ್ಟರ್. ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಗಣಕ ಜೋಡಿಸಿದವರಿಗೆ ಡಿಸ್ಕಿನ ಹಿಂಬದಿಯಲ್ಲಿ ಜಂಪರ್ ಎಂಬ ಪುಟ್ಟ ತುಣುಕನ್ನು ಚಿಮಟದಿಂದ ಸಿಕ್ಕಿಸಿದ ನೆನಪು ಇರಬಹುದು. ಜಂಪರನ್ನೂ ಕೇಬಲ್ಲನ್ನೂ ಮುಟ್ಟದಿದ್ದರೆ ಹೆಸರು ಬದಲಾಗುತ್ತಿರಲಿಲ್ಲ. ಬೆಂಗಳೂರಿನ ಅನೇಕ ಹಳೆಯ ಸ್ಕ್ರಿಪ್ಟುಗಳು ಈ ಭರವಸೆಯ ಮೇಲೆ ಬರೆಯಲ್ಪಟ್ಟವು. ಅವುಗಳನ್ನು ಬರೆದವರನ್ನು ದೂಷಿಸುವುದು ನ್ಯಾಯವಲ್ಲ.

ಸಾಟಾ ಡಿಸ್ಕುಗಳೂ ಯುಎಸ್‌ಬಿ ಡಿಸ್ಕುಗಳೂ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. 2007ರ ಸುಮಾರಿಗೆ ಪ್ರಮುಖ ಲಿನಕ್ಸ್ ವಿತರಣೆಗಳಲ್ಲಿ "ಎಚ್‌ಡಿ" ಎಂಬ ಹೆಸರುಗಳು ಹಿಂದೆ ಸರಿದು, ಬಹುತೇಕ ಎಲ್ಲ ಡಿಸ್ಕುಗಳೂ "ಎಸ್‌ಡಿಎ", "ಎಸ್‌ಡಿಬಿ", "ಎಸ್‌ಡಿಸಿ" ಎಂಬ ಒಂದೇ ಸಾಲಿಗೆ ಸೇರಿದವು. ಈ ಹೆಸರುಗಳಿಗೆ ಸ್ಥಾನದೊಡನೆ ಸಂಬಂಧವಿಲ್ಲ. ಗಣಕವು ಚಾಲನೆಗೊಳ್ಳುವಾಗ ಯಾವ ಡಿಸ್ಕು ಮೊದಲು ಕಣ್ಣಿಗೆ ಬಿದ್ದಿತೋ ಅದು "ಎಸ್‌ಡಿಎ". ಅದರ ನಂತರದ್ದು "ಎಸ್‌ಡಿಬಿ". ಇತ್ತೀಚಿನ ಕರ್ನೆಲ್‌ಗಳು ಸಮಯ ಉಳಿಸಲೆಂದು ಹಲವು ಡಿಸ್ಕುಗಳನ್ನು ಏಕಕಾಲದಲ್ಲಿ ಹುಡುಕುತ್ತವೆಯಾದ್ದರಿಂದ, ಯಾರೂ ಏನನ್ನೂ ಮುಟ್ಟದಿದ್ದರೂ ಎರಡು ಚಾಲನೆಗಳ ನಡುವೆ ಹೆಸರುಗಳು ಅದಲುಬದಲಾಗಬಹುದು. ವಿದ್ಯುತ್ ಹೋಗಿ ಬಂದು ಗಣಕ ಮರುಚಾಲನೆಗೊಂಡಾಗ ಯುಎಸ್‌ಬಿ ಕಿಂಡಿಯಲ್ಲಿ ಯಾರದೋ ಪೆನ್‌ಡ್ರೈವ್ ಮರೆತು ಉಳಿದಿದ್ದರೂ ಸಾಕು, ಸರದಿ ಕೆಡುತ್ತದೆ.

ಅಲ್ಲಾಳಸಂದ್ರದಂತಹ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. "ಬಸ್ ನಿಲ್ದಾಣದಿಂದ ಮೂರನೆಯ ಅಂಗಡಿ" ಎಂಬ ವಿಳಾಸವು ನಡುವೆ ಹೊಸ ಅಂಗಡಿಯೊಂದು ಎದ್ದ ದಿನವೇ ಸುಳ್ಳಾಗುತ್ತದೆ. ಆ ಜಮೀನಿನ ಸರ್ವೆ ನಂಬರು ಹಾಗಲ್ಲ. ಅದು ರಸ್ತೆ ಅಗಲವಾದರೂ ಅಂಗಡಿ ಕೈಬದಲಾದರೂ ಆ ನೆಲದ್ದೇ. ಹಳೆಯ ನಂಬರು, ಹೊಸ ನಂಬರು ಎರಡನ್ನೂ ವಿಳಾಸದಲ್ಲಿ ಬರೆದು ಅಭ್ಯಾಸವಿರುವ ಬೆಂಗಳೂರಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. "ಎಸ್‌ಡಿಬಿ" ಎಂಬುದು ಮೂರನೆಯ ಅಂಗಡಿಯ ಜಾತಿಯ ಹೆಸರು. ಸ್ಕ್ರಿಪ್ಟಿಗೆ ಬೇಕಾದದ್ದು ಸರ್ವೆ ನಂಬರು.

ನಾಲ್ಕು ಬಗೆಯ ಗುರುತುಗಳು

ಸಂತೋಷದ ವಿಷಯವೆಂದರೆ ಇಂತಹ ಸ್ಥಿರ ಗುರುತುಗಳನ್ನು ಲಿನಕ್ಸ್ ತಾನಾಗಿಯೇ ಸಿದ್ಧಪಡಿಸಿ ಕೊಡುತ್ತದೆ. 2003ರಲ್ಲಿ ಬಂದ "ಯುಡೆವ್" ಎಂಬ ತಂತ್ರಾಂಶವು ಪ್ರತಿ ಡಿಸ್ಕು ಜೋಡಣೆಯಾದಾಗಲೂ ಅದನ್ನು ವಿಚಾರಿಸಿ, "ಡೆವ್" ಕೋಶದೊಳಗಿನ "ಡಿಸ್ಕ್" ಎಂಬ ಉಪಕೋಶದಲ್ಲಿ ಅದರ ಸ್ಥಿರ ಹೆಸರುಗಳನ್ನು ನಮೂದಿಸುತ್ತದೆ. ಅಲ್ಲಿ ಮುಖ್ಯವಾಗಿ "ಬೈ-ಐಡಿ", "ಬೈ-ಯುಯುಐಡಿ", "ಬೈ-ಲೇಬಲ್", "ಬೈ-ಪಾತ್" ಎಂಬ ವಿಭಾಗಗಳಿವೆ. ಪ್ರತಿಯೊಂದು ಹೆಸರೂ ಆ ಕ್ಷಣದ "ಎಸ್‌ಡಿಎ" ಅಥವಾ "ಎಸ್‌ಡಿಬಿ"ಗೆ ಕೈತೋರಿಸುವ ಕೊಂಡಿ ಮಾತ್ರ. ಹಲವರು ಈ ನಾಲ್ಕನ್ನೂ ಒಂದೇ ಎಂದು ಭಾವಿಸುತ್ತಾರೆ. ಆದರೆ ಇವು ಗುರುತಿಸುವುದು ನಾಲ್ಕು ಬೇರೆ ಬೇರೆ ವಸ್ತುಗಳನ್ನು.

"ಬೈ-ಐಡಿ" ಗುರುತಿಸುವುದು ಕಬ್ಬಿಣದ ಪೆಟ್ಟಿಗೆಯನ್ನು, ಅಂದರೆ ತಯಾರಕರ ಮಾದರಿ ಸಂಖ್ಯೆ ಮತ್ತು ಸೀರಿಯಲ್ ಸಂಖ್ಯೆಯ ಮೂಲಕ ಡಿಸ್ಕನ್ನೇ. ಡಿಸ್ಕಿನ ಮೇಲೆ ಅಂಟಿಸಿರುವ ಚೀಟಿಯೊಡನೆ ಇದನ್ನು ತಾಳೆ ನೋಡಬಹುದು. "ಬೈ-ಯುಯುಐಡಿ" ಗುರುತಿಸುವುದು ಡಿಸ್ಕನ್ನಲ್ಲ, ಅದರ ಮೇಲೆ ರಚಿಸಿದ ಕಡತ ವ್ಯವಸ್ಥೆಯನ್ನು. ಫಾರ್ಮ್ಯಾಟ್ ಮಾಡುವಾಗ ಹುಟ್ಟುವ 128 ಬಿಟ್ಟುಗಳ ಈ ಸಂಖ್ಯೆಯು ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿದಾಗ ಬದಲಾಗುತ್ತದೆ. "ಬೈ-ಲೇಬಲ್" ನಾವೇ ಇಟ್ಟ ಹೆಸರು. ಓದಲು ಸುಲಭ, ಆದರೆ ಎರಡು ಡಿಸ್ಕುಗಳಿಗೆ ಒಂದೇ ಹೆಸರಿಟ್ಟರೆ ಬೇಡವೆನ್ನುವವರು ಯಾರೂ ಇಲ್ಲ. "ಬೈ-ಪಾತ್" ಗುರುತಿಸುವುದು ಕಿಂಡಿಯನ್ನು. "ಯಾವ ಡಿಸ್ಕಾದರೂ ಸರಿ, ಮೂರನೆಯ ಖಾನೆಯಲ್ಲಿ ಇರುವುದು ಬೇಕು" ಎನ್ನುವವರಿಗೆ ಅದು ಉಪಯುಕ್ತ.

ಮಳೆಯ ಪ್ರಸಂಗಕ್ಕೆ ಮರಳಿದರೆ ಈ ಭೇದದ ಮಹತ್ವ ತಿಳಿಯುತ್ತದೆ. ಗಣಕದ ಮದರ್‌ಬೋರ್ಡು ನೀರಿನಲ್ಲಿ ಹಾಳಾಗಿ ಡಿಸ್ಕು ಉಳಿದಿದೆ ಎಂದುಕೊಳ್ಳೋಣ. ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಬೇರೊಂದು ಗಣಕಕ್ಕೆ ಜೋಡಿಸುತ್ತೇವೆ. ಹಿಂದೆ "ಎಟಿಎ" ಎಂದು ಆರಂಭವಾಗುತ್ತಿದ್ದ ಅದರ "ಬೈ-ಐಡಿ" ಹೆಸರು ಈಗ "ಯುಎಸ್‌ಬಿ" ಎಂದು ಆರಂಭವಾಗುತ್ತದೆ. ಅಗ್ಗದ ಯುಎಸ್‌ಬಿ ಪೆಟ್ಟಿಗೆಗಳಾದರೆ ಒಳಗಿರುವ ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನು ಮುಚ್ಚಿಟ್ಟು ತಮ್ಮದೇ ಸಂಖ್ಯೆಯನ್ನು ಹೇಳುತ್ತವೆ. ಒಂದೇ ಮಾದರಿಯ ಎರಡು ಪೆಟ್ಟಿಗೆಗಳು ಒಂದೇ ಸಂಖ್ಯೆಯನ್ನು ಹೇಳುವುದೂ ಉಂಟು. ಕಡತ ವ್ಯವಸ್ಥೆಯ ಯುಯುಐಡಿ ಮಾತ್ರ ಯಾವ ಪೆಟ್ಟಿಗೆಯಲ್ಲಿದ್ದರೂ ಅದೇ ಆಗಿರುತ್ತದೆ. ಆದುದರಿಂದ ದತ್ತಾಂಶವನ್ನು ಬರೆಯುವ, ಓದುವ ಕೆಲಸಕ್ಕೆ ಯುಯುಐಡಿಯೇ ಯೋಗ್ಯ ಎಂಬುದು ಈ ಲೇಖಕನ ಅಭಿಪ್ರಾಯ. ಡಿಸ್ಕನ್ನು ಅಳಿಸುವ, ಹೊಸದಾಗಿ ಫಾರ್ಮ್ಯಾಟ್ ಮಾಡುವ, ಕೆಟ್ಟ ಡಿಸ್ಕನ್ನು ಬದಲಿಸುವ ಕೆಲಸಗಳಿಗೆ ಸೀರಿಯಲ್ ಸಂಖ್ಯೆಯನ್ನು ಕಣ್ಣಾರೆ ತಾಳೆ ನೋಡದೆ ಮುಂದುವರಿಯಬಾರದು.

ಯುಯುಐಡಿಗೂ ಒಂದು ಮಿತಿಯಿದೆ. "ಡಿಡಿ" ಆದೇಶದಿಂದ ಡಿಸ್ಕನ್ನು ಇಡಿಯಾಗಿ ನಕಲು ಮಾಡಿದರೆ ಯುಯುಐಡಿಯೂ ನಕಲಾಗುತ್ತದೆ. ಮೂಲ ಮತ್ತು ನಕಲು ಎರಡನ್ನೂ ಒಂದೇ ಗಣಕಕ್ಕೆ ಜೋಡಿಸಿದರೆ ಕೊಂಡಿಯು ಎರಡರಲ್ಲಿ ಒಂದಕ್ಕೆ ಮಾತ್ರ ಕೈತೋರಿಸುತ್ತದೆ. ಯಾವುದಕ್ಕೆ ಎಂದು ಮೊದಲೇ ಹೇಳಲಾಗದು. ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಯು ಇದನ್ನು ಗಮನಿಸಿ ಎರಡನೆಯದನ್ನು ಜೋಡಿಸಿಕೊಳ್ಳಲು ನಿರಾಕರಿಸುತ್ತದೆ. ಇತರ ವ್ಯವಸ್ಥೆಗಳಲ್ಲಿ ನಕಲಿಗೆ ಹೊಸ ಯುಯುಐಡಿ ಕೊಡುವ ಹೊಣೆ ನಮ್ಮದೇ.

ಕಣ್ಣಿಗೆ ಕಾಣದ ನಷ್ಟ

ತಪ್ಪು ಡಿಸ್ಕನ್ನು ಅಳಿಸಿಬಿಡುವುದು ಎಲ್ಲರೂ ಹೆದರುವ ಅನಾಹುತ. ವ್ಯಾಪಾರಿ ಕಚೇರಿಗಳು ಹೆಚ್ಚು ಹೆದರಬೇಕಾದದ್ದು ಮತ್ತೊಂದಕ್ಕೆ; ಅದರಲ್ಲಿ ಸದ್ದೂ ಇಲ್ಲ, ಎಚ್ಚರಿಕೆಯೂ ಇಲ್ಲ.

ಯುನಿಕ್ಸಿನಲ್ಲಿ ಡಿಸ್ಕನ್ನು ಬಳಸುವ ಮುನ್ನ ಅದನ್ನು ಒಂದು ಕೋಶದ ಮೇಲೆ ಜೋಡಿಸಬೇಕು. ಇದನ್ನೇ ಮೌಂಟ್ ಮಾಡುವುದು ಎನ್ನುತ್ತಾರೆ. "ಬ್ಯಾಕಪ್" ಎಂಬ ಖಾಲಿ ಕೋಶವಿದೆ. ಹೊರಗಿನ ಡಿಸ್ಕನ್ನು ಅದರ ಮೇಲೆ ಮೌಂಟ್ ಮಾಡಿದಾಗ ಕೋಶದೊಳಗೆ ಬರೆದದ್ದೆಲ್ಲ ಆ ಡಿಸ್ಕಿಗೆ ಹೋಗುತ್ತದೆ. ಡಿಸ್ಕು ಮೌಂಟ್ ಆಗದೇ ಇದ್ದರೆ? ಕೋಶವಂತೂ ಇದ್ದೇ ಇದೆ. ಸ್ಕ್ರಿಪ್ಟು ಆ ಕೋಶಕ್ಕೆ ಬರೆಯುತ್ತದೆ, ದೋಷವೇನೂ ವರದಿಯಾಗುವುದಿಲ್ಲ. ಆದರೆ ಪ್ರತಿಯು ಉಳಿಯುವುದು ಮೂಲ ಲೆಕ್ಕಪತ್ರಗಳಿರುವ ಡಿಸ್ಕಿನಲ್ಲಿಯೇ. ತಿಂಗಳುಗಟ್ಟಲೆ "ಬ್ಯಾಕಪ್ ಯಶಸ್ವಿ" ಎಂಬ ಮಿಂಚಂಚೆ ಬರುತ್ತಲೇ ಇರುತ್ತದೆ. ಒಂದು ದಿನ ಮೂಲ ಡಿಸ್ಕು ತುಂಬಿ ಸರ್ವರು ನಿಲ್ಲುತ್ತದೆ, ಇಲ್ಲವೇ ಆ ಡಿಸ್ಕೇ ಕೆಡುತ್ತದೆ. ಆಗ ಬೀರುವಿನಿಂದ ಹೊರತೆಗೆದ ಬ್ಯಾಕಪ್ ಡಿಸ್ಕಿನಲ್ಲಿ ಕಾಣುವುದು ಕಳೆದ ವರ್ಷದ ಲೆಕ್ಕ.

ಇದಕ್ಕೆ ದಾರಿ ಮಾಡಿಕೊಡುವುದು ಹಲವೊಮ್ಮೆ ಒಳ್ಳೆಯ ಉದ್ದೇಶವೇ. ಮೌಂಟ್ ಆಗಬೇಕಾದ ಡಿಸ್ಕುಗಳ ಪಟ್ಟಿಯನ್ನು "ಎಫ್‌ಎಸ್‌ಟ್ಯಾಬ್" ಎಂಬ ಕಡತದಲ್ಲಿ ಬರೆದಿರುತ್ತಾರೆ. ಪಟ್ಟಿಯಲ್ಲಿರುವ ಡಿಸ್ಕು ಸಿಗದಿದ್ದರೆ ಇಂದಿನ ಬಹುತೇಕ ಲಿನಕ್ಸ್ ವ್ಯವಸ್ಥೆಗಳು ಸುಮಾರು ಒಂದೂವರೆ ನಿಮಿಷ ಕಾದು, ತುರ್ತು ಸ್ಥಿತಿಗೆ ಹೋಗಿ ನಿಂತುಬಿಡುತ್ತವೆ. ಬೆಳಿಗ್ಗೆ ಬಿಲ್ ಹಾಕಲು ಬಂದ ಗುಮಾಸ್ತರ ಮುಂದೆ ಕಪ್ಪು ಪರದೆ! ಇದನ್ನು ತಪ್ಪಿಸಲು "ನೋಫೇಲ್" ಎಂಬ ಆಯ್ಕೆಯನ್ನು ಸೇರಿಸುತ್ತಾರೆ. ಡಿಸ್ಕು ಇರಲಿ ಬಿಡಲಿ ಗಣಕ ಚಾಲನೆಗೊಳ್ಳುತ್ತದೆ. ಆಯ್ಕೆಯು ಸರಿಯಾದುದೇ. ಆದರೆ ಡಿಸ್ಕು ಇದೆಯೇ ಎಂದು ಪರೀಕ್ಷಿಸುವ ಹೊಣೆ ಆಗ ಸ್ಕ್ರಿಪ್ಟಿನ ಮೇಲೆ ಬೀಳುತ್ತದೆ, ಮತ್ತು ಹಳೆಯ ಸ್ಕ್ರಿಪ್ಟಿನಲ್ಲಿ ಅಂತಹ ಪರೀಕ್ಷೆ ಇರುವುದಿಲ್ಲ.

ಸ್ಕ್ರಿಪ್ಟಿನಲ್ಲಿ ಇರಬೇಕಾದದ್ದು

ಹಾಗಾದರೆ ಸ್ಕ್ರಿಪ್ಟು ಹೇಗಿರಬೇಕು? ಮೊದಲಿಗೆ, ತನಗೆ ಹೇಳಿದ ಯುಯುಐಡಿಯ ಕೊಂಡಿ ಇದೆಯೇ ಎಂದು ಅದು ನೋಡಬೇಕು. ಇಲ್ಲದಿದ್ದರೆ ಅಲ್ಲಿಗೇ ನಿಂತು ಜವಾಬ್ದಾರರಿಗೆ ತಿಳಿಸಬೇಕು. ಬೇರೊಂದು ಡಿಸ್ಕನ್ನು ಊಹಿಸಿ ಮುಂದುವರಿಯುವ ಜಾಣತನ ಅದಕ್ಕೆ ಬೇಡ. ಕೊಂಡಿ ಇದ್ದರೆ ಮೌಂಟ್ ಮಾಡಿ, "ಫೈಂಡ್‌ಮೌಂಟ್" ಎಂಬ ಆದೇಶದ ಮೂಲಕ ಆ ಕೋಶದ ಮೇಲೆ ಈಗ ಕುಳಿತಿರುವ ಕಡತ ವ್ಯವಸ್ಥೆಯ ಯುಯುಐಡಿ ತಾನು ಬಯಸಿದ್ದೇ ಎಂದು ಮತ್ತೊಮ್ಮೆ ಕೇಳಬೇಕು. (ಈ ಆದೇಶವನ್ನು ಕೀಲಿಮಣೆಯಲ್ಲಿ ಒತ್ತುವಾಗ "ಮೌಂಟ್" ಎಂಬುದನ್ನು ಸ್ವರಾಕ್ಷರಗಳಿಲ್ಲದೆ ಬರೆಯುತ್ತಾರೆ, ಯುನಿಕ್ಸ್ ಜನರಿಗೆ ಸ್ವರಗಳ ಮೇಲೆ ಏನು ಸಿಟ್ಟೋ ತಿಳಿಯದು.) ಹೀಗೆ ಎರಡು ಸಲ ಕೇಳುವುದಕ್ಕೆ ತಗಲುವ ವೆಚ್ಚ ನಾಲ್ಕು ಸಾಲಿನ ಬರವಣಿಗೆ.

ಡಿಸ್ಕುಗಳ ಪಟ್ಟಿಯನ್ನು ಪಡೆಯಲು "ಎಲ್‌ಎಸ್‌ಬ್ಲಾಕ್" ಎಂಬ ಆದೇಶವು ಅತ್ಯಂತ ಅನುಕೂಲಕರ. ಹೆಸರು, ಗಾತ್ರ, ಸೀರಿಯಲ್ ಸಂಖ್ಯೆ, ಯುಯುಐಡಿ, ಜೋಡಣೆಯ ಬಗೆ, ಇವುಗಳಲ್ಲಿ ನಮಗೆ ಬೇಕಾದ ಕಾಲಂಗಳನ್ನು ಮಾತ್ರ ಕೇಳಿ ಪಡೆಯಬಹುದು. ಪರದೆಯ ಮೇಲೆ ಮನುಷ್ಯರಿಗಾಗಿ ಅಂದವಾಗಿ ಜೋಡಿಸಿ ತೋರಿಸುವ ಪಟ್ಟಿಯನ್ನು ಸ್ಕ್ರಿಪ್ಟಿನಿಂದ ಕತ್ತರಿಸಿ ಓದುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ. ತಂತ್ರಾಂಶದ ಮುಂದಿನ ಆವೃತ್ತಿಯಲ್ಲಿ ಒಂದು ಕಾಲಂ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. "ಎಫ್‌ಡಿಸ್ಕ್" ಮೊದಲಾದ ಆದೇಶಗಳ ಸಂದೇಶಗಳು ಗಣಕದ ಭಾಷಾ ಆಯ್ಕೆಗೆ ತಕ್ಕಂತೆ ಬದಲಾಗುವುದೂ ಉಂಟು. "ಎಲ್‌ಎಸ್‌ಬ್ಲಾಕ್" ತನ್ನ ಉತ್ತರವನ್ನು ಜೇಸನ್ ರೂಪದಲ್ಲಿಯೂ ಕೊಡುತ್ತದೆ; ಸ್ಕ್ರಿಪ್ಟುಗಳಿಗೆ ಅದೇ ಸೂಕ್ತ.

ಡಿಸ್ಕಿನ ಹೆಸರಿನ ಮುಂದೆ "1" ಸೇರಿಸಿದರೆ ಮೊದಲ ವಿಭಾಗದ ಹೆಸರು ಸಿಗುತ್ತದೆ ಎಂಬ ಹಳೆಯ ನಂಬಿಕೆಯೂ ಈಗ ನಡೆಯದು. "ಎಸ್‌ಡಿಎ"ಯ ಮೊದಲ ವಿಭಾಗ "ಎಸ್‌ಡಿಎ1" ಆಗುತ್ತದೆ, ನಿಜ. ಈಚಿನ ಗಣಕಗಳಲ್ಲಿ ಬರುವ ಎನ್‌ವಿಎಂಇ ಡಿಸ್ಕಿನ ಹೆಸರು "ಎನ್‌ವಿಎಂಇ0ಎನ್1". ಅದು ಅಂಕಿಯಲ್ಲಿಯೇ ಮುಗಿಯುವುದರಿಂದ ವಿಭಾಗದ ಸಂಖ್ಯೆಗೆ ಮೊದಲು "ಪಿ" ಅಕ್ಷರ ಬರಬೇಕು. ಮೆಮೊರಿ ಕಾರ್ಡುಗಳದ್ದೂ ಇದೇ ನಿಯಮ. ಹೊಸ ಸರ್ವರು ಕೊಂಡ ವಾರದಲ್ಲಿ ಹಳೆಯ ಸ್ಕ್ರಿಪ್ಟು ಮುಗ್ಗರಿಸುವುದಕ್ಕೆ ಇದು ಸಾಮಾನ್ಯ ಕಾರಣಗಳಲ್ಲಿ ಒಂದು.

ಹೊರಗಿನ ಡಿಸ್ಕು ಯಾವುದು, ಒಳಗಿನದು ಯಾವುದು ಎಂದು ತಿಳಿಯಲು "ತೆಗೆಯಬಹುದಾದದ್ದು" ಎಂಬ ಗುರುತನ್ನು ನಂಬುವವರಿದ್ದಾರೆ. ಪೆನ್‌ಡ್ರೈವುಗಳಿಗೆ ಅದು ಸರಿಹೋದೀತು. ಯುಎಸ್‌ಬಿ ಹಾರ್ಡ್‌ಡಿಸ್ಕುಗಳು ಸಾಮಾನ್ಯವಾಗಿ ತಮ್ಮನ್ನು ತೆಗೆಯಲಾಗದ ಡಿಸ್ಕೆಂದೇ ಹೇಳಿಕೊಳ್ಳುತ್ತವೆ. ಆದ್ದರಿಂದ ಜೋಡಣೆಯ ಬಗೆ ಯುಎಸ್‌ಬಿ ಹೌದೇ ಎಂದು ಕೇಳುವುದು ಹೆಚ್ಚು ವಿಶ್ವಾಸಾರ್ಹ. ಅಳಿಸುವ ಕೆಲಸವಿದ್ದಾಗಲಂತೂ ಇನ್ನೂ ಒಂದು ಬೇಲಿ ಬೇಕು: ಗಣಕವು ಚಾಲನೆಗೊಂಡಿರುವ ಮೂಲ ಕಡತ ವ್ಯವಸ್ಥೆ ಯಾವ ಡಿಸ್ಕಿನ ಮೇಲಿದೆ ಎಂದು ಕಂಡುಕೊಂಡು, ಅಳಿಸಬೇಕೆಂದಿರುವುದೂ ಅದೇ ಆಗಿದ್ದರೆ ಸ್ಕ್ರಿಪ್ಟು ಮುಂದುವರಿಯಬಾರದು. ಗಾತ್ರವನ್ನು ತಾಳೆ ನೋಡುವುದೂ ಒಳ್ಳೆಯದು. ಒಂದು ಟೆರಾಬೈಟಿನ ಡಿಸ್ಕನ್ನು ನಿರೀಕ್ಷಿಸಿದ ಸ್ಕ್ರಿಪ್ಟಿಗೆ ನಾಲ್ಕು ಟೆರಾಬೈಟಿನದು ಸಿಕ್ಕಿದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

ಬೇರೆಡೆಯ ಪದ್ಧತಿ

ಇತರ ಯುನಿಕ್ಸ್ ವ್ಯವಸ್ಥೆಗಳೂ ಇದೇ ತೀರ್ಮಾನಕ್ಕೆ ಬಂದಿವೆ. ಐಬಿಎಂನ ಎಐಎಕ್ಸ್‌ನಲ್ಲಿ "ಎಚ್‌ಡಿಸ್ಕ್0" ಎಂಬ ಹೆಸರಿನ ಜೊತೆಗೆ ಡಿಸ್ಕಿನ ಮೇಲೆಯೇ ಬರೆದಿಡುವ ಪಿವಿಐಡಿ ಎಂಬ ಗುರುತಿದೆ. ಎಚ್‌ಪಿ ಸಂಸ್ಥೆಯು 2007ರ ಆವೃತ್ತಿಯಲ್ಲಿ ಮಾರ್ಗವನ್ನು ಅವಲಂಬಿಸಿದ ಹೆಸರುಗಳ ಪಕ್ಕದಲ್ಲಿ ಡಿಸ್ಕಿಗೇ ಅಂಟಿಕೊಳ್ಳುವ ಹೊಸ ಹೆಸರುಗಳನ್ನು ತಂದಿತು. ಜಕ್ಕೂರಿನ ಮೇಲೆ ಹೇಳಿದ ಸಂಶೋಧನಾ ಕೇಂದ್ರದಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ ಸ್ಥಾಪಿತವಾದ "ಪರಮ್ ಯುಕ್ತಿ"ಯಂತಹ ಯಂತ್ರಗಳ ಪ್ರಮಾಣದಲ್ಲಿ, "ಎರಡನೆಯ ಡಿಸ್ಕು" ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ದೊಡ್ಡ ಸಂಗ್ರಹ ವ್ಯವಸ್ಥೆಗಳಲ್ಲಿ ಒಂದೇ ಡಿಸ್ಕು ಎರಡು ಮಾರ್ಗಗಳಿಂದ ಎರಡು ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಆಧಾರವಾಗುವುದು ಡಬ್ಲ್ಯುಡಬ್ಲ್ಯುಎನ್ ಎಂಬ, ಜಗತ್ತಿನಾದ್ಯಂತ ಅನನ್ಯವಾದ ಸಂಖ್ಯೆ.

ಕ್ಲೌಡ್ ಸೇವೆಗೆ ಹೋದವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಅಮೆಜಾನಿನ ಈಚಿನ ಬಗೆಯ ಸರ್ವರುಗಳಲ್ಲಿ ನಾವು "ಎಸ್‌ಡಿಎಫ್" ಎಂದು ಸೂಚಿಸಿ ಜೋಡಿಸಿದ ಡಿಸ್ಕು ಒಳಗೆ "ಎನ್‌ವಿಎಂಇ1ಎನ್1" ಎಂದು ಕಾಣಿಸಿಕೊಳ್ಳಬಹುದು. ಆ ಡಿಸ್ಕಿನ ಸೀರಿಯಲ್ ಸಂಖ್ಯೆಯ ಜಾಗದಲ್ಲಿ ಅಮೆಜಾನ್ ನೀಡಿದ ವಾಲ್ಯೂಮ್ ಸಂಖ್ಯೆಯೇ ಇರುವುದರಿಂದ ಸ್ಕ್ರಿಪ್ಟು ಅದನ್ನು ಆಧರಿಸಬಹುದು.

ಇನ್ನು ಕಾಗದದ ಕೆಲಸ. ಸೋಮವಾರಕ್ಕೊಂದು, ಗುರುವಾರಕ್ಕೊಂದು ಎಂದು ಎರಡು ಮೂರು ಡಿಸ್ಕುಗಳನ್ನು ಸರದಿಯಲ್ಲಿ ಬಳಸುವ ಕಚೇರಿಗಳು ಒಂದು ವಹಿಯನ್ನು ಇಡುವುದು ಅವಶ್ಯ. ಅದರಲ್ಲಿ ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆ, ಯುಯುಐಡಿ, ಇಟ್ಟ ಹೆಸರು, ಕೊಂಡ ದಿನಾಂಕ, ಅದು ಈಗ ಯಾರ ಸುಪರ್ದಿನಲ್ಲಿ ಎಲ್ಲಿದೆ ಎಂಬುದು ನಮೂದಾಗಿರಲಿ. ಡಿಸ್ಕಿನ ಪೆಟ್ಟಿಗೆಯ ಹೊರಗೆ ಯುಯುಐಡಿಯ ಕೊನೆಯ ನಾಲ್ಕು ಅಕ್ಷರಗಳನ್ನು, ನೀರಿಗೆ ಅಳಿಸದ ಶಾಯಿಯಲ್ಲಿ, ಬರೆದು ಅಂಟಿಸಬೇಕು. ವಹಿಯ ಒಂದು ಪ್ರತಿ ಸರ್ವರಿರುವ ಕಟ್ಟಡದಿಂದ ಹೊರಗೆ, ಲೆಕ್ಕಪರಿಶೋಧಕರ ಬಳಿಯಲ್ಲಿಯೋ ಪಾಲುದಾರರೊಬ್ಬರ ಮನೆಯಲ್ಲಿಯೋ ಇರಬೇಕು. ಮೂರು ತಿಂಗಳಿಗೊಮ್ಮೆ ವಹಿಯನ್ನು ಮುಂದಿಟ್ಟುಕೊಂಡು, ಒಂದು ಡಿಸ್ಕನ್ನು ಬೇರೊಂದು ಗಣಕಕ್ಕೆ ಜೋಡಿಸಿ, ಹಿಂದಿನ ದಿನದ ಮಾರಾಟದ ಲೆಕ್ಕವನ್ನು ಅದರಿಂದ ತೆರೆದು ನೋಡಬೇಕು. ಈ ಕೆಲಸಕ್ಕೆ ಅರ್ಧ ದಿನ ಬೇಕಾದೀತು. ಲೆಕ್ಕಪತ್ರ ವಿಭಾಗದವರೂ ತಂತ್ರಜ್ಞರ ಪಕ್ಕದಲ್ಲಿ ಕುಳಿತಿರುವುದು ಉಚಿತ, ಏಕೆಂದರೆ ತೆರೆದ ಲೆಕ್ಕವು ನಿನ್ನೆಯದೋ ಕಳೆದ ವರ್ಷದ್ದೋ ಎಂದು ಮೊದಲ ನೋಟಕ್ಕೇ ಹೇಳಬಲ್ಲವರು ಅವರು.